ತವರೂರಿಗೆ ಟೂರು

ನಮ್ಮನೇಲಿ ಟೂರು ಹೋಗೋದಕ್ಕಿಂತ ಟೂರಿನ ಪ್ಲಾನು ಹಾಕೋದೇ ದೊಡ್ಡ ಕಾರ್ಯಕ್ರಮ. ಹೋಗಿಬರೋದು ನಾಲ್ಕು ದಿನ, ಚರ್ಚೆ ನಾಲ್ಕು ತಿಂಗಳು! ಈ ಸಲ ಕರಾವಳಿ ಅಂತ ಸರ್ವಾನುಮತದಿಂದ ತೀರ್ಮಾನ ಆಯ್ತು. ಆದ್ರೆ ಕರಾವಳಿ ಅಂದ್ರೆ ಎಲ್ಲಿ? ನಮ್ಮ ರಾಜ್ಯದ ಕಡಲತೀರ 300 ಚಿಲ್ಲರೆ ಕಿಲೋಮೀಟರು ಉದ್ದ ಇದೆ. ನಮ್ಮ ಇವರು ಒಂದು ಎಕ್ಸೆಲ್ ಶೀಟು ಮಾಡ್ಕೊಂಡು ಬಂದ್ರು ನೋಡಿ... ಮೊದಲನೇ ದಿನ ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಮರವಂತೆ. ಎರಡನೇ ದಿನ ಮುರುಡೇಶ್ವರ, ಕಾಸರಕೋಡ, ಹೊನ್ನಾವರದ ಕಾಂಡ್ಲಾ ಕಾಡು. ಮೂರನೇ ದಿನ ಗೋಕರ್ಣ, ಯಾಣ, ಕಾರವಾರ. ಒಂದೊಂದು ಜಾಗಕ್ಕೂ ಎದುರಿಗೆ ನಿಮಿಷದ ಲೆಕ್ಕ. ಮರವಂತೆಗೆ 25 ನಿಮಿಷ! ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅಂಥ ಜಾಗದಲ್ಲಿ 25 ನಿಮಿಷದಲ್ಲಿ ಯಾವ ಪಕ್ಕ ನೋಡಬೇಕು ಅಂತ ನಾನು ಕೇಳಿದೆ. "ಹತ್ತು ಈ ಕಡೆ, ಹತ್ತು ಆ ಕಡೆ, ಐದು ನಿಮಿಷ ಟೀ" ಅಂದ್ರು. ಮೈಸೂರು ಕಡೆಯವರಿಗೆ ಕಡಲು ಅಂದ್ರೆ ವಸ್ತುಪ್ರದರ್ಶನ ಇದ್ದಂಗೆ, ಎಲ್ಲಾ ಮಳಿಗೆಗೂ ಒಂದು ಸಲ ಹೋಗಿ ಬರಬೇಕು :-)

ಕಾಲದ ವಿಚಾರದಲ್ಲೂ ಜಗಳ. ಮಕ್ಕಳಿಗೆ ರಜ ಇರೋದು ಮೇನಲ್ಲಿ. ಮೇ ತಿಂಗಳ ಸೆಕೆ ಕರಾವಳಿಯಲ್ಲಿ ಹೇಗಿರುತ್ತೆ ಅಂತ ಗೊತ್ತಿದ್ದೋರಿಗೆ ಗೊತ್ತು. ಸ್ನಾನ ಮಾಡಿ ಮೈ ಒರೆಸ್ಕೊಳ್ಳೋಷ್ಟರಲ್ಲಿ ಮತ್ತೆ ಸ್ನಾನ ಮಾಡಬೇಕು. ಒಂದೇ ಸಮಾಧಾನ ಅಂದ್ರೆ ಅಂಕೋಲೆಯ ಕರಿ ಈಶಾಡ ಮಾವಿನಹಣ್ಣು, ಕುಮಟಾ ರಸ್ತೆ ಬದೀಲಿ ಜಡೆ ಹೆಣೆದು ನೇತುಹಾಕಿರೋ ಸಿಹಿ ಈರುಳ್ಳಿ. ಇವರ ಆಫೀಸಿನ ಒಬ್ಬರು ಮಳೆಗಾಲದಲ್ಲಿ ಹೋಗಿ, ಸ್ವರ್ಗ ಅಂದ್ರಂತೆ. ಕೂತು ನೋಡೋಕೆ ಸ್ವರ್ಗವೇ, ಇಲ್ಲ ಅನ್ನಲ್ಲ. ಆದರೆ 2024ರ ಜುಲೈ 16ಕ್ಕೆ ಅಂಕೋಲೆ ಹತ್ರ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ಲಾರಿ ಎಲ್ಲಾ ಗಂಗಾವಳಿಗೆ ಹೋದದ್ದು ನನ್ನ ತಲೆಯಿಂದ ಹೋಗಿಲ್ಲ. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅಲ್ಲದೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯಲ್ಲ. ಅಲ್ಲಿಯ ಮೀನುಗಾರರೇ ದಡದಲ್ಲಿ ಕೂತಿರುವಾಗ ನಾವು ಯಾವ ದೊಡ್ಡ ಧೀರರು?

ಮಗನಿಗೆ ಹನ್ನೊಂದು. ಎರಡು ವರ್ಷ ಸ್ವಿಮ್ಮಿಂಗ್ ಕ್ಲಾಸಿಗೆ ಹೋಗಿದಾನೆ, ಒಂದು ಪದಕವೂ ಬಂದಿದೆ. ಅವನ ಪ್ರಕಾರ ಅರಬ್ಬೀ ಸಮುದ್ರ ಅಂದ್ರೆ ಸ್ವಲ್ಪ ದೊಡ್ಡ ಪೂಲು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದ ವಿಷಯ ಅವನಿಗೆ ಹೇಳಿದೆ. ಹೆದರಿಸೋಕೆ ಅಲ್ಲ. ಪೂಲಿನ ನೀರು ನಿಂತ ನೀರು, ಕಡಲಿನದು ಹಾಗಲ್ಲ ಅಂತ ತಿಳೀಲಿ ಅಂತ. ತೆರೆ ದಡಕ್ಕೆ ತಂದು ಸುರಿದ ನೀರೆಲ್ಲಾ ವಾಪಸ್ ಹೋಗಲೇಬೇಕಲ್ವಾ, ಅದು ಒಂದೊಂದು ಕಡೆ ಸಣ್ಣ ಓಣಿ ಮಾಡ್ಕೊಂಡು ಜೋರಾಗಿ ಒಳಗೆ ಎಳೆಯುತ್ತೆ. ಮೇಲಿಂದ ನೋಡಿದ್ರೆ ಆ ಜಾಗದಲ್ಲೇ ತೆರೆ ಕಡಿಮೆ, ನೀರು ಶಾಂತವಾಗಿ ಕಾಣೋದು. ಹೊಸಬರು ಹುಡುಕಿಕೊಂಡು ಹೋಗಿ ಇಳಿಯೋದೂ ಅಲ್ಲೇ. ಸಿಕ್ಕಿಕೊಂಡ್ರೆ ದಡದ ಕಡೆಗೆ ಎದುರೀಜು ಹೊಡೆದು ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಗೆ ಬರಬೇಕು. ಎಲ್ಲಾ ಹೇಳಿ, ಕೊನೆಗೆ "ನಿನಗೆ ಮೊಣಕಾಲು ನೀರು" ಅಂತ ಕಾನೂನು ಮಾಡಿದೆ. ಮುಖ ಊದಿಸ್ಕೊಂಡಿದಾನೆ.

ಇದೆಲ್ಲಾ ಸಣ್ಣ ರಗಳೆ. ದೊಡ್ಡದು ಆಯಿಯದ್ದು.

ಕುಮಟಾ, ಗೋಕರ್ಣ ಅಂತ ಹೆಸರು ಬಂದ ಕೂಡಲೇ ಆಯಿ ಕಾಳು ಆರಿಸ್ತಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಊಟಕ್ಕೆ ಕೂತಾಗ, "ನಿಂಗ ಹೋಗ್ಬನ್ನಿ. ಆನು ಬತ್ನಿಲ್ಲೆ" ಅಂದಳು. ಮಂಡಿ ನೋವು ಅಂತ ಅಂದುಕೊಂಡು ಇವರು, "ಅತ್ತೆ, ಕಾರು ಬಾಗಿಲಿಗೇ ಬರುತ್ತೆ, ಕೆಳಗಿನ ರೂಮೇ ಮಾಡೋಣ" ಅಂತೆಲ್ಲಾ ಹೇಳಿದ್ರು. ಆಯಿ ಸುಮ್ಮನೆ ಕೇಳಿ, ಕೊನೆಗೆ ನನ್ನ ಕಡೆ ತಿರುಗಿ ಕೇಳಿದ್ದು ಇಷ್ಟು: "ಹುಟ್ಟಿದೂರಿಗೆ ಹೋಗಿ, ದುಡ್ಡು ಕೊಟ್ಟು ಲಾಡ್ಜಲ್ಲಿ ಇಪ್ಪುದಾ?"

ಯಾರ ಹತ್ರಾನೂ ಉತ್ತರ ಇರ್ಲಿಲ್ಲ.

ನನ್ನ ಅಜ್ಜನಮನೆ ಇದ್ದದ್ದು ಕುಮಟಾಕ್ಕೂ ಅಘನಾಶಿನಿಗೂ ನಡುವೆ, ಕಡಲಿಂದ ಒಂದು ಕೂಗಳತೆ ದೂರದಲ್ಲಿ. ಊರ ಹೆಸರು ಇಲ್ಲಿ ಬೇಡ. ಎಂಬತ್ತರ ದಶಕದಲ್ಲಿ ಪರೀಕ್ಷೆ ಮುಗಿದ ಮರುದಿನವೇ ಶಿರಸಿಯಿಂದ ದೇವಿಮನೆ ಘಟ್ಟ ಇಳಿಯೋ ಬಸ್ಸು ಹತ್ತಿ ಬಿಡ್ತಿದ್ವಿ. ಘಟ್ಟ ಇಳಿದ ಕೂಡಲೇ ಗಾಳಿ ದಪ್ಪ ಆಗ್ತಿತ್ತು, ಅಂಟು ಅಂಟು. ಆಯಿ ಸೆರಗಿನಿಂದ ಕುತ್ತಿಗೆ ಒರೆಸ್ಕೊಂಡು "ಬಂತು" ಅಂತ ನಗ್ತಿದ್ದಳು. ಜಗಲಿಯಲ್ಲಿ ಸಾಲಾಗಿ ಹನ್ನೆರಡು ಮಕ್ಕಳು ಮಲಗಿದ್ರೆ ರಾತ್ರಿಯೆಲ್ಲಾ ಕಡಲು ಕೂಗೋದು ಕೇಳ್ತಿತ್ತು. ಅದು ಯಾವ ದಿಕ್ಕಿನಿಂದ ಕೇಳ್ತಿದೆ ಅಂತ ನೋಡಿ ಅಜ್ಜ ಮಳೆ ಎಷ್ಟು ದೂರ ಇದೆ ಅಂತ ಹೇಳ್ತಿದ್ದ. ಅರ್ಧಕ್ಕರ್ಧ ತಪ್ಪಾಗ್ತಿತ್ತು, ಆದ್ರೂ ಯಾರೂ ಎದುರು ಮಾತಾಡ್ತಿರ್ಲಿಲ್ಲ.

ಅಜ್ಜ ಹೋದ ಮೇಲೆ ಮಾವ ಒಬ್ಬನೇ ಕೆಲವು ವರ್ಷ ನಡೆಸಿದ. ಅವನ ಮಕ್ಕಳು ಹೊರದೇಶ ಸೇರಿದ್ರು. 2009ರಲ್ಲಿ ತೋಟ, ಮನೆ ಎಲ್ಲಾ ಕೊಟ್ಟುಬಿಟ್ಟ. ಅವನದ್ದು ತಪ್ಪು ಅಂತ ಆಯಿ ಇವತ್ತಿಗೂ ಹೇಳಿಲ್ಲ. ಕುಮಟಾಕ್ಕೆ ಹೋಗಿ, ಹೆಣ್ಣುಮಕ್ಕಳ ಸಹಿ ಬೇಕು ಅಂದ ಕಡೆ ಸಹಿ ಹಾಕಿ, ಅದೇ ದಿನ ಸಂಜೆ ಬಸ್ಸಿಗೆ ವಾಪಸ್ ಬಂದಳು. ಆಮೇಲೆ ಆ ಕಡೆ ಮುಖ ಹಾಕಿಲ್ಲ. ಮದುವೆ ಮುಂಜಿ ಅಂತ ಯಾರು ಕರೆದ್ರೂ ಮಂಡಿ ನೋವು ಅಡ್ಡ ಬರುತ್ತೆ. ತಗೊಂಡವರು ಮನೆ ಕೆಡವಿದ್ರಂತೆ, ಬಾವಿ ಮಾತ್ರ ಇದೆಯಂತೆ. ಈ 'ಅಂತೆ'ಗಳು ಫೋನಿನಲ್ಲಿ ಬಂದು ಸೇರಿದವು. ಆಯಿ ಒಂದನ್ನೂ ಮುಂದುವರಿಸಿ ಕೇಳಲಿಲ್ಲ.

ಇಷ್ಟು ಗೊತ್ತಿದ್ದೂ ಇವರು (ಒಳ್ಳೇ ಮನಸ್ಸಿನಿಂದಲೇ) ಫೋನಿನಲ್ಲಿ ಆ ಕಡೆಯ ಹೋಂಸ್ಟೇ ಹುಡುಕಿ ಆಯಿಗೆ ತೋರಿಸಿದ್ರು. ಹಂಚಿನ ಮನೆ, ಕೆಂಪು ಗಾರೆ ನೆಲ, ಮರದ ಕಂಬ, ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ. ಒಂದು ರಾತ್ರಿಗೆ 3500 ರೂಪಾಯಿ, ತಿಂಡಿ ಸೇರಿ. ಆಯಿ ಕನ್ನಡಕ ಹಾಕ್ಕೊಂಡು ಒಂದೊಂದೇ ಫೋಟೋ ಸರಿಸಿದಳು. "ಜಗಲಿ ಮೇಲೆ ಮಲಗೂಲೂ ದುಡ್ಡಾ?" ಅಂತ ಕೇಳಿದಳು. ಸೇರಿಯೇ ಅಂತ ಮಗಳು ಹೇಳಿದಾಗ ಆಯಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಅಲ್ಲಿಗೆ ಪ್ಲಾನು ನಿಂತೇಹೋಯ್ತು. ಪುದುಚೇರಿಗೆ ಹೋಗೋಣ, ಅಲ್ಲೂ ಸಮುದ್ರ ಇದೆ ಅಂತ ನಾನೇ ಹೇಳಿದೆ.

ಮತ್ತೆ ಶುರುವಾಗಿದ್ದು ಮಗನಿಂದ. ಮೊಣಕಾಲು ನೀರಿನ ಕಾನೂನು ಸಡಿಲ ಮಾಡಿಸೋ ಆಸೆಗೆ ಅವನು ಮೊಬೈಲಿನಲ್ಲಿ ಕಾರವಾರದ ಭರತ-ಇಳಿತದ ವೇಳಾಪಟ್ಟಿ ತೆಗೆದು, ಯಾವ ದಿನ ನೀರು ಎಷ್ಟು ಏರುತ್ತೆ ಅಂತ ಜೋರಾಗಿ ಓದ್ತಿದ್ದ. ಆಯಿ ಹೂ ಕಟ್ತಾ ಕೂತಿದ್ದಳು. "ಆವತ್ತು ತಿಥಿ ಎಂತು?" ಅಂತ ಕೇಳಿದಳು. ಅವನಿಗೆ ತಿಥಿ ಅಂದ್ರೆ ವಡೆ ಮಾಡೋ ದಿನ ಅಂತ ಮಾತ್ರ ಗೊತ್ತು :-) ನಾನು ಪಂಚಾಂಗ ತಂದುಕೊಟ್ಟೆ. ಆಯಿ ಲೆಕ್ಕ ಹೇಳೋಕೆ ಕೂತಳು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿಗೆ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತೆ. ಅಷ್ಟಮಿ ಸುತ್ತಮುತ್ತ ಏರೂ ಕಮ್ಮಿ, ಇಳಿಯೂ ಕಮ್ಮಿ. ಇವತ್ತು ಭರತ ಬಂದ ಹೊತ್ತಿಗಿಂತ ನಾಳೆ ಎರಡು ಗಳಿಗೆ ತಡ. ಎರಡು ಗಳಿಗೆ ಅಂದ್ರೆ 48 ನಿಮಿಷ. ಮಗ ಮೊಬೈಲಿನಲ್ಲಿ ದಿನದಿನಕ್ಕೆ ತಾಳೆ ನೋಡಿದ. ಒಂದು ದಿನ 45, ಒಂದು ದಿನ 52, ಸರಾಸರಿ ಹತ್ತಿರ ಹತ್ತಿರ ಅಷ್ಟೇ! ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ನಿಂತು ಎಳೆದರೆ ಹೆಚ್ಚು, ಅಡ್ಡಡ್ಡ ನಿಂತು ಎಳೆದರೆ ಕಮ್ಮಿ ಅಂತ ಅವನು ಶಾಲೆಯಲ್ಲಿ ಓದಿದ್ದನ್ನ ಹೇಳಿದ. "ಅದೇ ಅಷ್ಟಮಿ" ಅಂದಳು ಆಯಿ. ಆವತ್ತು ರಾತ್ರಿ ಅಜ್ಜಿ ಮೊಮ್ಮಗ ಹತ್ತೂವರೆವರೆಗೆ ಪಂಚಾಂಗ, ಮೊಬೈಲು ಎರಡೂ ಇಟ್ಕೊಂಡು ಕೂತಿದ್ರು. (ಏರಿಳಿತ ಕಮ್ಮಿ ಇದ್ದ ಮಾತ್ರಕ್ಕೆ ತೆರೆಯ ಸೆಳೆತ ಇಲ್ಲ ಅಂತೇನಲ್ಲ. ಕಾನೂನು ಕಾನೂನೇ.)

ಮಾರನೇ ದಿನ ಸಾರಿಗೆ ಒಗ್ಗರಣೆ ಹಾಕ್ತಾ ನನ್ನ ಮುಖ ನೋಡದೆ ಆಯಿ ಹೇಳಿದಳು. "ಕುಮಟಾದಲ್ಲಿ ಬ್ಯಾಡ. ಗೋಕರ್ಣದಲ್ಲಿ ಉಳದ್ರೆ ಅಡ್ಡಿಲ್ಲೆ. ಅದು ಯಾತ್ರೆ."

ಎಷ್ಟು ಸರಿಯಾದ ಮಾತು ನೋಡಿ! ಗೋಕರ್ಣಕ್ಕೆ ಬಂದವರು ಎಲ್ಲಿ ಉಳಿದ್ರು ಅಂತ ಯಾರೂ ಕೇಳಲ್ಲ. ಮಹಾಬಲೇಶ್ವರನ ಊರಲ್ಲಿ ಎಲ್ಲರೂ ಪರಸ್ಥಳದವರೇ. ಅಲ್ಲಿ ಲಾಡ್ಜಿನ ರಿಜಿಸ್ಟರಿನಲ್ಲಿ ಊರು ಬೆಂಗಳೂರು ಅಂತ ಬರೆದ್ರೆ ಅವಮಾನ ಇಲ್ಲ. ಇವರ ಎಕ್ಸೆಲ್ ಶೀಟಿನಲ್ಲಿ ಇಂಥದ್ದಕ್ಕೆ ಕಾಲಮ್ಮು ಇರ್ಲಿಲ್ಲ.

ಈಗ ಪ್ಲಾನು ಹೀಗಿದೆ. ಜನವರಿ ಕೊನೆಗೆ, ಗಣರಾಜ್ಯೋತ್ಸವದ ರಜಕ್ಕೆ ಎರಡು ದಿನ ಸೇರಿಸಿ, ಅಷ್ಟಮಿ ಅಕ್ಕಪಕ್ಕ. ಕಾರು ಬೇಡ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗೋ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದ್ರೆ ಬೆಳಿಗ್ಗೆ ಗೋಕರ್ಣ ರೋಡ್ ಸ್ಟೇಶನ್ನು. (ಹೆಸರಿಗೆ ಗೋಕರ್ಣ ರೋಡು, ಊರು ಅಲ್ಲಿಂದ ಹತ್ತು ಕಿಲೋಮೀಟರು.) ಮೊದಲೆಲ್ಲಾ ನಾಲ್ಕು ತಿಂಗಳ ಮುಂಚೆ ಟಿಕೆಟ್ ತಗೋಬಹುದಿತ್ತು, 2024ರ ನವೆಂಬರಿನಿಂದ 60 ದಿನ ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯೋ ಹೊತ್ತಿಗೆ ಮೂರು ಜನ ಮೂರು ಫೋನು ಹಿಡಿದು ಕೂರೋದು ಅಂತ ಒಪ್ಪಂದ ಆಗಿದೆ. ಆಯಿಗೆ ಕೆಳಗಿನ ಬರ್ತು ಸಿಗಲೇಬೇಕು. ಮುರುಡೇಶ್ವರ ಬಿಟ್ಟೆವು. ಯಾಣ ಬಿಟ್ಟೆವು. ಮಲ್ಪೆ ಮೊದಲೇ ಹೋಯ್ತು. ಮೊದಲ ದಿನ ದೇವಸ್ಥಾನ, ಸಂಜೆ ಊರ ಎದುರಿನ ಬೀಚಿನಲ್ಲೇ ಮರಳಾಟ. ಎರಡನೇ ದಿನ ಓಂ ಬೀಚು, ಬರುವಾಗ ಸಾಣಿಕಟ್ಟಾದ ಉಪ್ಪಿನ ಗದ್ದೆ. ಆಯಿಗೆ ಅಲ್ಲಿಯ ಉಪ್ಪು ಐದು ಕೇಜಿ ಬೇಕಂತೆ, ಅಂಗಡಿ ಉಪ್ಪು ಹಾಕಿದ್ರೆ ಅಪ್ಪೆಮಿಡಿ ಮೆತ್ತಗಾಗುತ್ತಂತೆ. ಸಿಕ್ಕರೆ ಕಗ್ಗದ ಅಕ್ಕಿಯೂ ಬೇಕು. ಗಜನಿ ಗದ್ದೆಯ ಉಪ್ಪುನೀರಲ್ಲಿ ಬೆಳೆಯೋ ಕೆಂಪಕ್ಕಿ, ಅದರ ಗಂಜಿ ಕುಡಿದವರು ಬೇರೆ ಗಂಜಿ ಹೊಗಳಲ್ಲ. ಇಷ್ಟೆಲ್ಲಾ ಹೊತ್ತು ತರೋದು ಯಾರು ಅಂತ ಇವರು ಕೇಳಿಲ್ಲ, ಅವರಿಗೆ ಗೊತ್ತು.

ಮೂರನೇ ದಿನದ ಎದುರಿಗೆ ಇವರು ಏನೂ ಬರೆಯದೆ ಖಾಲಿ ಬಿಟ್ಟಿದ್ರು. ಮೊನ್ನೆ ನೋಡ್ತೀನಿ, ಮಗನ ಅಕ್ಷರದಲ್ಲಿ 'ತಾರಿ' ಅಂತ ಬರೆದಿದೆ. ಗೋಕರ್ಣದ ಹತ್ರ ತದಡಿಯಲ್ಲಿ ದೋಣಿ ಹತ್ತಿ ಹೊಳೆ ದಾಟಿದ್ರೆ ಆಚೆ ದಡ ಅಘನಾಶಿನಿ. ರಸ್ತೆಯಲ್ಲಿ ಮಿರ್ಜಾನ್, ಕುಮಟಾ ಅಂತ ಸುತ್ತು ಹಾಕಿದ್ರೆ 30 ಕಿಲೋಮೀಟರಿಗೂ ಹೆಚ್ಚು, ತಾರಿಯಲ್ಲಿ ಕೆಲವೇ ನಿಮಿಷ. ಎಲ್ಲೂ ಅಣೆಕಟ್ಟು ಇಲ್ಲದೆ ಕಡಲು ಸೇರೋ ಹೊಳೆ ಅದು. ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟವೂ ಬಂತು. ಆಯಿಗೆ ಅದು ಹೇಳಿದ್ರೆ, "ನಂಗೆ ಅಲ್ಲಿ ಬಳಚು ಹೆಕ್ಕುವವ್ರು ಇನ್ನೂ ಇದ್ವಾ ಹೇಳು ಸಾಕು" ಅಂದಳು. ಆಚೆ ದಡದಿಂದ ಅಜ್ಜನಮನೆ ಊರಿಗೆ ಆಟೋ ಸಿಕ್ಕರೆ ಆಯ್ತು. ಆಯಿ ಆಟೋದಿಂದ ಇಳೀತಾಳಾ, ಬಾವಿ ನೋಡ್ತಾಳಾ, ಇಲ್ಲ ತಾರಿ ದಾಟಿ ದಡದಲ್ಲೇ ಕೂತುಬಿಡ್ತಾಳಾ, ನಾನು ಕೇಳೋಕೆ ಹೋಗಿಲ್ಲ. ಕೇಳಿದ್ರೆ ಮಂಡಿ ನೋವು ಬಂದುಬಿಡುತ್ತೆ ಅಂತ ಭಯ.

ನಿಮ್ಮಲ್ಲಿ ಆ ಕಡೆಯವರು ತುಂಬಾ ಜನ ಇದೀರಿ. ಸಂಜೆ ಅಘನಾಶಿನಿಯಿಂದ ತದಡಿಗೆ ವಾಪಸ್ ಬರೋ ಕೊನೇ ತಾರಿ ಈಗ ಎಷ್ಟು ಗಂಟೆಗೆ ಅಂತ ಸ್ವಲ್ಪ ತಿಳಿಸಿ. ನಿನ್ನೆಯಿಂದ ಆಯಿ ಎರಡು ಸಲ ಕೇಳಿದಾಳೆ.