ವರ್ಕ್‌ಶಾಪ್ ಮಾತು – 4: ಯಾವ ಶೀಟಿಗೆ ಯಾವ ವೀಲ್?

ಬೈಕಿನ ಪೆಟ್ರೋಲ್ ಟ್ಯಾಂಕಿನ ಕೆಳಗೆ ಕೈಯಾಡಿಸಿ ನೋಡಿ, ಅಂಚು ಸಿಗುತ್ತೆ. ಸಾಮಾನ್ಯವಾಗಿ ಆ ಸೀಮ್ ಬೆಸೆಯೋದು ತಿರುಗೋ ಎರಡು ತಾಮ್ರದ ವೀಲ್‌ಗಳು.

“ತಾಮ್ರ ತಾನೇ, ಯಾವುದಾದ್ರೇನು?” ಅಂತೀರಾ? ನಾನು ಒಪ್ಪಲ್ಲ.

ಮೈಲ್ಡ್ ಸ್ಟೀಲಿಗೆ ಕ್ರೋಮಿಯಂ ಬೆರೆಸಿದ ತಾಮ್ರ, ಅಂದ್ರೆ ಕ್ಲಾಸ್ 2 ಸಾಕು. ಶುದ್ಧ ತಾಮ್ರದ ಸುಮಾರು 80% ವಾಹಕತೆ ಇರೋದ್ರಿಂದ ವೀಲ್ ಕಡಿಮೆ ಕಾಯುತ್ತೆ. ಸ್ಟೇನ್‌ಲೆಸ್ ಬಿಸಿಯಲ್ಲೂ ಗಟ್ಟಿ, ಜಾಸ್ತಿ ಒತ್ತಬೇಕು. ಅದಕ್ಕೆ ಕ್ಲಾಸ್ 3: ವಾಹಕತೆ ಅರ್ಧದಷ್ಟೇ, ಆದ್ರೆ ಹೆಚ್ಚು ಗಟ್ಟಿ.

ಕೆಲವು ಕ್ಲಾಸ್ 3 ವೀಲ್‌ಗಳಲ್ಲಿ ಬೆರಿಲಿಯಂ ಇರುತ್ತೆ. ಸವೆದ ಅಂಚು ಉಜ್ಜುವಾಗ ಏಳೋ ಧೂಳು ಶ್ವಾಸಕೋಶ ಕೆಡಿಸಬಹುದು. ನಿಕಲ್, ಸಿಲಿಕಾನ್, ಕ್ರೋಮಿಯಂ ಬೆರೆಸಿದ, ಬೆರಿಲಿಯಂ ಇಲ್ಲದ ವೀಲೂ ಸಿಗುತ್ತೆ. ನಾನಂತೂ ಅದನ್ನೇ ಕೇಳ್ತೀನಿ.

ನಾಳೆ ಆರ್ಡರ್ ಬರೆಯೋರು ನಾವೇ. ಶೀಟ್ ಯಾವುದು ಅಂತ ನೋಡೋ ಹಾಗೆ, ವೀಲ್ ಉಜ್ಜೋರು ಯಾರು ಅಂತಲೂ ನೋಡಿ.

#ವರ್ಕ್‌ಶಾಪ್‌ಮಾತು