ಒಂದೇ ಉಡುಗೆಯ ಒಳಗೆ

ಕುಮಟೆಯ ಪೇಟೆಯಲ್ಲಿ ಸೊಪ್ಪು ತರಕಾರಿಗಳ ಬುಟ್ಟಿಯನ್ನಿಳಿಸಿ ಕುಳಿತ ಹಾಲಕ್ಕಿ ಒಕ್ಕಲು ಸ್ತ್ರೀಯರನ್ನು ಪರಸ್ಥಳದವನು ನೋಡಿದನೆಂದರೆ, ಅವನ ಕಣ್ಣಿಗೆ ಅವರೆಲ್ಲರೂ ಒಂದೇ ಅಚ್ಚಿನಲ್ಲಿ ಎರೆದವರಂತೆ ತೋರುವರು. ರವಿಕೆಯಿಲ್ಲದೆ ಮೈಗೆ ಸುತ್ತಿ ಕುತ್ತಿಗೆಯ ಬಳಿ ಗಂಟಿಕ್ಕಿದ ಸೀರೆ. ಕೊರಳು ತುಂಬ ಎಳೆಯೆಳೆಯಾಗಿ ಇಳಿಬಿದ್ದ ಮಣಿಸರಗಳು. ಅವನು ಒಂದು ಚಿತ್ರವನ್ನು ತೆಗೆದುಕೊಂಡು ಅದರಡಿಯಲ್ಲಿ 'ಹಾಲಕ್ಕಿ ಹೆಂಗಸು' ಎಂದು ಬರೆಯುವನು. ಹೆಸರನ್ನು ಕೇಳುವ ಗೊಡವೆ ಅವನಿಗಿಲ್ಲ.

ತರ್ಕಶಾಸ್ತ್ರದಲ್ಲಿ ಜಾತಿಯೆಂದರೆ ಅನೇಕ ವ್ಯಕ್ತಿಗಳಲ್ಲಿ ಒಂದಾಗಿ ನೆಲಸಿರುವ ಸಾಮಾನ್ಯಧರ್ಮ. ಘಟತ್ವವು ಎಲ್ಲ ಗಡಿಗೆಗಳಲ್ಲಿಯೂ ಒಂದೇ ಸರಿ. ಆದರೆ ನೀರಿಗೆ ಹೋಗುವವಳು ಘಟತ್ವವನ್ನು ಸೊಂಟದ ಮೇಲಿಟ್ಟುಕೊಂಡು ಹೋಗುವುದಿಲ್ಲ, ತನ್ನ ಗಡಿಗೆಯನ್ನೇ ಒಯ್ಯುತ್ತಾಳೆ.

ಇದಕ್ಕೆ ದೂರದ ನಿದರ್ಶನ ಬೇಡ. ನೆರೆಯ ಅಂಕೋಲೆ ತಾಲೂಕಿನಲ್ಲಿ ಇದೇ ಉಡುಗೆಯನ್ನುಟ್ಟ ಇಬ್ಬರು ಬಾಳಿದರು. ಹೊನ್ನಳ್ಳಿಯ ತುಳಸಿ ಗೌಡರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಶಾಲೆಯ ಮೆಟ್ಟಿಲನ್ನು ಹತ್ತದೆ, ಅರಣ್ಯ ಇಲಾಖೆಯ ಸಸಿಗಳ ಪಾತಿಯಲ್ಲಿ ಕೂಲಿಗೆ ನಿಂತವರು. ಯಾವ ತಾಯಿಮರದ ಬೀಜವನ್ನು ಯಾವ ಕಾಲದಲ್ಲಿ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬ ವಿದ್ಯೆ ಅವರಿಗೆ ಕೈಯಿಂದಲೇ ಬಂದಿತು. 2021ರಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಅವರು ಬರಿಗಾಲಿನಲ್ಲಿಯೇ ನಡೆದರು. ಬಡಗೇರಿಯ ಸುಕ್ರಿ ಬೊಮ್ಮಗೌಡರ ವಿದ್ಯೆಯಾದರೋ ಕಂಠದ್ದು. ಕುಲದ ಅಸಂಖ್ಯ ಹಾಡುಗಳನ್ನು ಕಾಪಾಡಿದ ಅವರಿಗೆ 2017ರಲ್ಲಿ ಅದೇ ಗೌರವ ದೊರೆಯಿತು. ಒಬ್ಬರದು ಮೌನದ ಕೆಲಸ, ಇನ್ನೊಬ್ಬರದು ಹತ್ತು ಜನರ ನಡುವಣ ಕೆಲಸ. ಸುಕ್ರಿಯವರು ಹಾಡಿ ಸುಮ್ಮನಾಗಲಿಲ್ಲ. ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿ ಹೋರಾಡಿದರು. ಕುಡಿತವು ಅವರ ಸ್ವಂತ ಮನೆಯನ್ನೇ ಸುಟ್ಟಿತ್ತು. ಕುಲದ ಹಾಡನ್ನು ಉಳಿಸಿದವರೇ ಕುಲದ ಗಂಡಸರಿಗೆ ಎದುರು ನಿಂತರೆಂಬುದನ್ನು ಆ ಹಾಡಿಗೆ ತಲೆದೂಗುವವರು ಅಷ್ಟಾಗಿ ನೆನೆಯುವುದಿಲ್ಲ. 2024ರ ಡಿಸೆಂಬರ 16ರಂದು ತುಳಸಿಯವರೂ, 2025ರ ಫೆಬ್ರುವರಿ 13ರಂದು ಸುಕ್ರಿಯವರೂ ತೀರಿಕೊಂಡರು.

ತಮ್ಮನ್ನು ಪರಿಶಿಷ್ಟ ಪಂಗಡದಲ್ಲಿ ಸೇರಿಸಬೇಕೆಂದು ಹಾಲಕ್ಕಿಗಳು ಬಹುಕಾಲದಿಂದ ಕೇಳುತ್ತ ಬಂದಿರುವರು. ಇದರಲ್ಲೊಂದು ಸೂಕ್ಷ್ಮವಿದೆ. ತಾವು ಪ್ರತ್ಯೇಕ ಜನವೆಂದು ಸರಕಾರಕ್ಕೆ ತೋರಿಸಬೇಕಾದರೆ ಉಡುಗೆ, ಮಣಿ, ಹಾಡು ಎಲ್ಲವೂ ಸಾಕ್ಷಿಗಳಾಗುವುವು. ಸಾಕ್ಷಿ ಹೇಳುವ ಹೊರೆಯಾದರೋ ಹೆಚ್ಚಾಗಿ ಹೆಂಗಸರ ಕೊರಳಿಗೇ ಬಿದ್ದಿದೆ. ಗಂಡಸರು ಅಂಗಿ ಲುಂಗಿ ತೊಟ್ಟು ಎಷ್ಟೋ ವರ್ಷಗಳಾದುವು, ಅದನ್ನು ಯಾರೂ ಕೇಳಲಿಲ್ಲ. ಮಗಳು ರವಿಕೆ ತೊಟ್ಟಳೆಂದರೆ ಮಾತ್ರ ಸಂಪ್ರದಾಯ ಮುಳುಗಿತೆಂದು ಪೇಟೆಯ ವಿದ್ಯಾವಂತರೇ ಮೊದಲು ನಿಟ್ಟುಸಿರಿಡುವರು. ಅವರ ಸ್ವಂತ ಮಗಳು ಯಾವುದನ್ನುಟ್ಟು ಎಲ್ಲಿ ನೌಕರಿ ಮಾಡುವಳೆಂಬುದು ಬೇರೆ ಪ್ರಕರಣ.

ಕೊಪ್ಪಗಳ ಒಳಗೆ ಈ ವಿಷಯದಲ್ಲಿ ಒಮ್ಮತವಿದೆಯೆಂದು ಎಣಿಸಲಾಗದು. ಮಣಿಸರವಿಲ್ಲದ ಕೊರಳು ಒಬ್ಬ ಮುದುಕಿಗೆ ಬರಿದಾಗಿ ಕಾಣುವುದು; ಅವಳ ಓರಗೆಯವಳೇ, ಸೆಕೆಯಲ್ಲಿ ಇದನ್ನು ಹೊತ್ತದ್ದು ನಮ್ಮ ತಲೆಗೇ ಸಾಕು ಎನ್ನುವಳು. ಆದರೂ ನೆಟ್ಟಿಯ ಕಾಲಕ್ಕೆ ಇಬ್ಬರೂ ಒಂದೇ ಗದ್ದೆಯಲ್ಲಿ ಸಾಲುಗೂಡಿ ಬಾಗುವರು, ಒಬ್ಬಳೆತ್ತಿದ ಹಾಡಿನ ನುಡಿಗೆ ಇನ್ನೊಬ್ಬಳು ದನಿಗೂಡಿಸುವಳು. ಸಂಜೆಗೆ ಕಾಲೇಜಿನಿಂದ ಬಸ್ಸಿಳಿದ ಮೊಮ್ಮಗಳು, ಚೂಡಿದಾರದ ದುಪಟ್ಟವನ್ನು ಸೊಂಟಕ್ಕೆ ಬಿಗಿದು, ಪೇಟೆಯಿಂದ ಹಿಂದಿರುಗುವ ಅಜ್ಜಿಯ ಬುಟ್ಟಿಯನ್ನು ತನ್ನ ತಲೆಗೇರಿಸಿಕೊಳ್ಳುವಳು. ದಾರಿಯುದ್ದಕ್ಕೂ ಇಬ್ಬರಿಗೂ ವಾದ ನಡೆದೇ ಇರುವುದು.