ಸೂಜಿ ಚುಚ್ಚಿದ್ರ ಸುಮ್ಮನಿರಬ್ಯಾಡ್ರಿ

ಮನ್ಯಾಗ ಒಬ್ಬಾಕಿ ದವಾಖಾನಿ ಕೆಲಸಕ್ಕ ಹೋಗ್ತಾಳ ಅಂದ್ರ ಮಂದಿ ಕೇಳೋದು ನೈಟ್ ಡ್ಯೂಟಿ ಬಗ್ಗೆನ. "ರಾತ್ರಿ ಹೆಂಗ ಹೋಗಿ ಬರ್ತಾಳವಾ", "ಹೊತ್ತಿಗೆ ಸರಿಯಾಗಿ ಊಟಾನರ ಆಗ್ತದೋ ಇಲ್ಲೋ" ಅಂತಾರ. ಕರೋನಾ ಬಂದಾಗ, 2020ರ ಮಾರ್ಚ್ 22ಕ್ಕ, ನಾವೆಲ್ಲಾ ಬಾಗಲದಾಗ ನಿಂತು ತಾಟು ಬಡದ್ವಿ. ಆದ್ರ ದಿನಾ ಅವರ ಕೈಯಾಗ ಇರೋ ಅಪಾಯ ಯಾವುದು ಅಂತ ಕೇಳೋರು ಕಡಿಮಿ. ನನ್ನ ನಾದಿನಿ ಇಪ್ಪತ್ತು ವರ್ಷದಿಂದ ನರ್ಸ್ ಇದ್ದಾಳ. ಅಕಿನ್ನ ಕೇಳಿದ್ರ ಒಂದ ಮಾತಿನ್ಯಾಗ ಹೇಳ್ತಾಳ: "ಸೂಜಿ ಅದ ನೋಡ್ರಿ ವೈನಿ."

ಇಂಜೆಕ್ಷನ್ ಮಾಡಿದ ಮ್ಯಾಲೆ ಆ ಸೂಜಿಗೆ ತಿರುಗಿ ಟೊಪ್ಪಿಗಿ ಹಾಕಲಿಕ್ಕೆ ಹೋದಾಗ ಇನ್ನೊಂದು ಕೈಗೆ ಚುಚ್ಚತದ. ಇಲ್ಲಾ, ಪೇಶಂಟ್ ಗಪ್ಪನ ಕೈ ಎಳಕೊಂಡಾಗ ಚುಚ್ಚತದ. ಸೂಜಿ ಸಣ್ಣದು, ರಕ್ತ ಒಂದು ಹನಿ. ಆದ್ರ ಆ ಹನ್ಯಾಗ ಮೂರು ಥರದ ರೋಗ ಬರಬಹುದು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ. ನಾವೆಲ್ಲಾ ಹೆದರೋದು ಎಚ್‌ಐವಿಗೆ. ಖರೇ ಅಂದ್ರ, ಎಚ್‌ಐವಿ ಇದ್ದವರ ಸೂಜಿ ಚುಚ್ಚಿದ್ರ 1000 ಮಂದ್ಯಾಗ ಸುಮಾರು 3 ಮಂದಿಗೆ ಅದು ಹತ್ತತದ. ಹೆಪಟೈಟಿಸ್ ಬಿ ಹಂಗಲ್ಲ. ಲಸಿಕಿ ಹಾಕಿಸಿಕೊಳ್ಳದವರಿಗೆ 100ಕ್ಕ 6ರಿಂದ 30 ಮಂದಿಗೆ ಹತ್ತಬಹುದು. ಆ ವೈರಸ್ ಒಣಗಿದ ರಕ್ತದಾಗೂ 7 ದಿನದ ತನಕ ಜೀವಂತ ಇರ್ತದ. ಲಸಿಕಿ ಮಾತ್ರ ಮೂರ ಸಲ ಹಾಕಿಸಿಕೊಂಡ್ರ ಮುಗೀತು: ಮೊದಲನೇದು, ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು.

ಎರಡು ವರ್ಷದ ಹಿಂದ ನಾದಿನಿ ದವಾಖಾನ್ಯಾಗ ಒಂದು ಪ್ರಸಂಗ ಆತು. ಅಲ್ಲಿಯ ಆಯಾ, ನಲವತ್ತರ ಆಸುಪಾಸಿನಾಕಿ, ಗುತ್ತಿಗಿ ಮ್ಯಾಲೆ ಕೆಲಸಕ್ಕಿದ್ಲು. ಮುಂಜಾನಿ ಕಸದ ಚೀಲ ಎತ್ತಿಕೊಂಡು ಹೊಂಟಾಗ ಚೀಲ ಕಾಲಿಗೆ ಬಡೀತು, ಒಳಗಿದ್ದ ಸೂಜಿ ಮೀನಖಂಡಕ್ಕ ಚುಚ್ಚಿತು. ಆ ಚೀಲದಾಗ ಸೂಜಿ ಇರಲೇಬಾರದು. ಸೂಜಿ ಒಗೀಲಿಕ್ಕೆ ಬಿಳೀ ಗಟ್ಟಿ ಡಬ್ಬಿ ಬ್ಯಾರೆ ಇರ್ತದ. ಯಾರೋ ಅವಸರದಾಗ ಚೀಲಕ್ಕ ಹಾಕಿದ್ರು. ಅಕಿ ಸೆರಗಿಲೆ ರಕ್ತ ಒರಸಿಕೊಂಡು ಕೆಲಸಾ ಮಾಡಿದ್ಲು. ಸಂಜಿಮುಂದ ನಾದಿನಿ ನೋಡಿ, "ಯಾಕವಾ, ಕಾಲಿಗೇನಾತು?" ಅಂತ ಕೇಳಿದಾಗ ಅತ್ತಳಂತ. "ಹೇಳಿದ್ರ ನಾಳಿಂದ ಬರಬ್ಯಾಡ ಅಂತಾರ್ರೀ ಸಿಸ್ಟರ್ರ. ಮನ್ಯಾಗ ಗೊತ್ತಾದ್ರ ಏನು ತಿಳ್ಕೋತಾರೋ ಏನೋ."

ನಾದಿನಿ ಅವತ್ತ ಸಂಜಿಗೆ ಅಕಿನ್ನ ಸರಕಾರಿ ದವಾಖಾನಿಗೆ ಕರಕೊಂಡು ಹೋದ್ಲು. ಸೂಜಿ ಯಾರದ್ದು ಅಂತ ಗೊತ್ತಿಲ್ಲದ್ದಕ್ಕ ಎಚ್‌ಐವಿ ತಡಿಯೋ ಗುಳಿಗಿ ಶುರು ಮಾಡಿದ್ರು, 28 ದಿನ. ಹೆಪಟೈಟಿಸ್ ಲಸಿಕಿ ಕೇಳಿದ್ರ ಆಯಾಗ ಯಾರೂ ಹಾಕಿಸಿದ್ದೇ ಇಲ್ಲ. ನರ್ಸ್‌ಗಳಿಗೆಲ್ಲಾ ಆಗಿತ್ತು. ಆಯಾಗೋಳು ಗುತ್ತಿಗೆದಾರನ ಕಡೆಯವರು ಅಂತ ಬಿಟ್ಟಿದ್ರು. 2016ರ ವೈದ್ಯಕೀಯ ತ್ಯಾಜ್ಯದ ನಿಯಮದಾಗ ಸ್ಪಷ್ಟ ಅದ, ಆ ಕಸ ಮುಟ್ಟೋ ಎಲ್ಲಾರಿಗೂ ಹೆಪಟೈಟಿಸ್ ಬಿ ಮತ್ತ ಧನುರ್ವಾಯುವಿನ ಲಸಿಕಿ ಹಾಕಿಸಬೇಕು.

ಗುಳಿಗಿ ನುಂಗಿ ಅಕಿಗೆ ಮೊದಲ ವಾರ ಬರೇ ವಾಕರಿಕಿ. ರೊಟ್ಟಿ ಮುಂದಿಟ್ರ ಎದ್ದು ಹೋಗ್ತಿದ್ಲಂತ. ಮನ್ಯಾಗ "ಪಿತ್ತ ಆಗೇದ" ಅಂತ ಹೇಳಿದ್ಲು. 6 ವಾರಕ್ಕ, 3 ತಿಂಗಳಿಗೆ, 6 ತಿಂಗಳಿಗೆ ರಕ್ತ ಪರೀಕ್ಷಾ. ಒಂದೊಂದು ಸಲಾನೂ ಕಾಗದ ಬರೋ ತನಕ ಜೀವ ಕೈಯಾಗ. ದೇವರ ದಯಾ, ಏನೂ ಬರಲಿಲ್ಲ. ಆ ನಡುವ ನಾದಿನಿ ಮ್ಯಾಲಿನವರಿಗೆ ಬರದು ಕೊಟ್ಟು, ತಿರುಗಿ ತಿರುಗಿ ಕೇಳಿ, ಎಲ್ಲಾ ಆಯಾಗೋಳಿಗೂ ಲಸಿಕಿ ಹಾಕಿಸಿದ್ಲು.

ನನಗ ತಿಳದದ್ದು ಇಷ್ಟ. ಸೂಜಿ ಹಿಡದಾಕಿಗೆ ಅದು ಕಣ್ಣಿಗೆ ಕಾಣತದ. ಕಡೀಕ ಕಸ ಎತ್ತಾಕಿಗೆ ಕಾಣಂಗಿಲ್ಲ. ಪಗಾರ ಕಡಿಮಿ ಇದ್ದಾಕಿಗೇನ ಹೇಳಲಿಕ್ಕೆ ಹೆದರಿಕಿ ಜಾಸ್ತಿ.

ನಿಮ್ಮ ಮಗಳೋ ಸೊಸಿನೋ ದವಾಖಾನಿ, ಲ್ಯಾಬ್ ಕೆಲಸದಾಗ ಇದ್ರ ಇದನ್ನ ಹೇಳಿಡ್ರಿ. ಚುಚ್ಚಿದ ಕೂಡಲೇ ಸಬಕಾರ ಹಚ್ಚಿ ಹರಿಯೋ ನೀರಾಗ ತೊಳೀಬೇಕು. ಹಿಂಡಬಾರದು, ಬೆರಳು ಬಾಯಾಗ ಇಡಬಾರದು, ಸ್ಪಿರಿಟ್ ಸುರೀಬಾರದು. ಆಮ್ಯಾಲೆ ಮ್ಯಾಲಿನವರಿಗೆ ಹೇಳಿ ಬರಸಿಡಬೇಕು. ಎಚ್‌ಐವಿ ಗುಳಿಗಿ ಎರಡು ತಾಸಿನೊಳಗ ಶುರುವಾದ್ರ ಭಾಳ ಛಲೋ, 72 ತಾಸು ದಾಟಿದ್ರ ಉಪಯೋಗಿಲ್ಲ. ಎಲ್ಲಿ ಹೋಗಬೇಕು ಅಂತ ತಿಳೀದಿದ್ರ 1097ಕ್ಕ ಫೋನ್ ಹಚ್ಚಬಹುದು, ರೊಕ್ಕಿಲ್ಲ.

ಈಗ ನಮ್ಮ ಮನಿ ಮಾತು. ಎಷ್ಟೋ ಮನ್ಯಾಗ ಈಗ ಸಕ್ಕರಿ ರೋಗಕ್ಕ ಇನ್ಸುಲಿನ್ ತಗೋತಾರ. ನಮ್ಮ ಅತ್ತಿಯವರಿಗೂ ಶುರುವಾದ ದಿನಾನ ನಾದಿನಿ ಖಾಲಿ ಫಿನೈಲ್ ಬಾಟ್ಲಿ ತಂದು ಕಟ್ಟಿ ಮ್ಯಾಲಿಟ್ಲು. ಸೂಜಿ ಎಲ್ಲಾ ಅದರಾಗ. ಮುಕ್ಕಾಲು ತುಂಬಿದ ಮ್ಯಾಲೆ ಮುಚ್ಚಳ ಬಿಗಿ ಮಾಡಿ, ಟೇಪ್ ಸುತ್ತಿ, "ಸೂಜಿ ಅದಾವ" ಅಂತ ದೊಡ್ಡ ಅಕ್ಷರದಾಗ ಬರದು, ಕಸದ ಗಾಡಿಯಾಕಿ ಕೈಯಾಗ ಹೇಳಿನ ಕೊಡೋದು. ಹಸಿ ಕಸದಾಗೂ ಅಲ್ಲ, ಒಣ ಕಸದಾಗೂ ಅಲ್ಲ. 2016ರ ಘನತ್ಯಾಜ್ಯ ನಿಯಮದಾಗೂ ಸೂಜಿ, ಸಿರಿಂಜ್ ಮನಿಯ ಅಪಾಯದ ಕಸ ಅಂತ ಬ್ಯಾರೆನ ಇತ್ತು. ಹಾಲಿನ ಪಾಕೀಟಿನ್ಯಾಗ ಸುತ್ತಿ ಹಾಕಿದ್ರ ಸೂಜಿ ಹೊರಗ ಬಂದ ಬರ್ತದ.

ಮುಂದಿನ ಸಲ ನಿಮ್ಮ ಓಣ್ಯಾಗ ಕಸದ ಗಾಡಿ ಬಂದಾಗ ಆ ಹೆಣ್ಮಗಳ ಕೈ ನೋಡ್ರಿ, ಕೈಗವಸು ಅದಾವೋ ಇಲ್ಲೋ. "ಲಸಿಕಿ ಆಗೇದೇನವಾ?" ಅಂತ ಒಂದು ಮಾತು ಕೇಳ್ರಿ. ಕೇಳೋರು ಯಾರೂ ಇಲ್ಲ ಅಂತನ ಅವರು ಹೇಳಂಗಿಲ್ಲ.